ಗೋಡೆ ಬೆಚ್ಚಗಾದರೆ ಆವಿ ಎಲ್ಲಿಗೆ ಹೋಗಬೇಕು? ಬ್ರಿಟನ್ನಿನ ಹಳೆಯ ಮನೆಗಳ ಇನ್ಸುಲೇಷನ್ ಕುರಿತು

(ಬ್ರಿಟನ್ನಿನಲ್ಲಿ ಹಳೆಯ ಮನೆ ಕೊಂಡಿರುವ, ಕೊಳ್ಳಲು ಹೊರಟಿರುವ ಕನ್ನಡಿಗರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಮನೆಯ ಲೆಕ್ಕ ಹಾಕೋಣ. 1900ರ ಆಸುಪಾಸಿನಲ್ಲಿ ಕಟ್ಟಿದ ಇಟ್ಟಿಗೆಯ ಸಾಲುಮನೆ. ಎರಡೂ ಪಕ್ಕ ಬೇರೆಯವರ ಮನೆ, ಹಾಗಾಗಿ ಚಳಿಗೆ ಮೈಯೊಡ್ಡಿರುವುದು ಮುಂದಿನ ಗೋಡೆ ಮತ್ತು ಹಿಂದಿನ ಗೋಡೆ ಮಾತ್ರ. ಕೆಳಗೆ 40 ಚದರ ಮೀಟರ್, ಮಹಡಿ 40 ಚದರ ಮೀಟರ್. ಕಿಟಕಿ ಬಾಗಿಲು ಕಳೆದು ಹೊರಗೋಡೆ 45 ಚದರ ಮೀಟರ್, ಕಿಟಕಿ ಬಾಗಿಲು ಸೇರಿ 15. ಇಂಥ ಮನೆ ಲೀಡ್ಸ್‌ನಲ್ಲೂ ಇದೆ, ಲೆಸ್ಟರ್‌ನಲ್ಲೂ ಇದೆ, ಲಂಡನ್ನಿನಲ್ಲಂತೂ ಬೀದಿ ಬೀದಿಗೂ ಇದೆ.

ಒಂದು ಚದರ ಮೀಟರ್ ಗೋಡೆಯ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಎಷ್ಟು ವಾಟ್ ಶಾಖ ಸೋರುತ್ತದೋ ಅದೇ ಆ ಗೋಡೆಯ ಯು-ಮೌಲ್ಯ. ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂಬತ್ತಿಂಚಿನ ಗಟ್ಟಿ ಇಟ್ಟಿಗೆ ಗೋಡೆಗೆ ಇದು ಸುಮಾರು 2. ಏನೂ ಹಾಸದ ಅಟ್ಟಕ್ಕೆ 2.3. ಹಳೆಯ ಜೋಡಿಗಾಜಿನ ಕಿಟಕಿಗೆ 2.8. ಕೆಳಗಿನ ನೆಲಕ್ಕೆ 0.6 ಎಂದಿಟ್ಟುಕೊಳ್ಳಿ. ಇದರ ಮೇಲೆ ಗಾಳಿಯ ಲೆಕ್ಕ ಬೇರೆ. 200 ಘನ ಮೀಟರಿನ ಮನೆಯಲ್ಲಿ ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾದರೆ ಡಿಗ್ರಿಗೆ 66 ವಾಟ್ ಹೋಗುತ್ತದೆ.

ವಿಸ್ತೀರ್ಣದಿಂದ ಗುಣಿಸಿದರೆ ಡಿಗ್ರಿಗೆ ಗೋಡೆಯಿಂದ 90 ವಾಟ್, ಅಟ್ಟದಿಂದ 92, ಕಿಟಕಿಯಿಂದ 42, ನೆಲದಿಂದ 24, ಗಾಳಿಯಿಂದ 66. ಒಟ್ಟು 314. ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಇರುವ ಜನವರಿಯ ರಾತ್ರಿ ಈ ಮನೆಗೆ ಎಡೆಬಿಡದೆ 6.3 ಕಿಲೊವಾಟ್ ಶಾಖ ಬೇಕು.

ಆದರೆ ನೀವು ಕೊಳ್ಳುವ ಮನೆಯ ಅಟ್ಟ ಬರಿದಾಗಿರುವುದು ಅಪರೂಪ. ಯಾರೋ ಎಂದೋ ಜಂತೆಗಳ ನಡುವೆ 100 ಮಿ.ಮೀ. ಗ್ಲಾಸ್ ವೂಲ್ (ಗಾಜಿನ ನಾರಿನ ಮೆತ್ತನೆಯ ಹಾಸು) ಹಾಸಿರುತ್ತಾರೆ. ಅಷ್ಟಕ್ಕೇ ಅಟ್ಟದ ಯು-ಮೌಲ್ಯ 2.3ರಿಂದ 0.4ಕ್ಕೆ ಇಳಿದು, 92 ವಾಟ್ 16 ಆಗಿರುತ್ತದೆ. ಈಗ ಎಲ್ಲರೂ ಹೇಳುವ 270 ಮಿ.ಮೀ. ದಪ್ಪಕ್ಕೆ ಏರಿಸಿದರೆ 0.16 ಸಿಗುತ್ತದೆ, ಅಂದರೆ 6.4 ವಾಟ್. ಮೊದಲ 100 ಮಿ.ಮೀ. ಉಳಿಸಿದ್ದು 76 ವಾಟ್, ಮುಂದಿನ 170 ಮಿ.ಮೀ. ಉಳಿಸುವುದು ಹತ್ತಕ್ಕೂ ಕಡಿಮೆ. ಹಾಗೆಂದು ಬಿಡಬೇಡಿ, ವೂಲ್ ಸುತ್ತಿದ ಉರುಳೆಯ ಬೆಲೆ ಕಡಿಮೆ, ಒಂದು ಶನಿವಾರದ ಕೆಲಸ, ವರ್ಷಕ್ಕೆ ಸುಮಾರು 500 ಯೂನಿಟ್ ಶಾಖ ಉಳಿಯುತ್ತದೆ. ಆದರೆ ಅದೇ ಮನೆಯಲ್ಲಿ ಸಂದಿಗೊಂದಿ ಮುಚ್ಚಿ ಗಾಳಿಯ ಸೋರಿಕೆಯನ್ನು ಗಂಟೆಗೆ 1ರಿಂದ 0.6ಕ್ಕೆ ಇಳಿಸಿದರೆ ಡಿಗ್ರಿಗೆ 26 ವಾಟ್ ಉಳಿಯುತ್ತದೆ. ಇನ್ಸುಲೇಷನ್ ಮಾರುವವರು ಈ ಮಾತು ಎತ್ತುವುದಿಲ್ಲ. ಸಂದಿ ಮುಚ್ಚುವ ಸೀಲಂಟ್ ಟ್ಯೂಬಿನಲ್ಲಿ ಅವರಿಗೆ ಲಾಭವೇನಿದೆ?

ಶಾಖದ ಲೆಕ್ಕ ಇಷ್ಟೇ. ಮನೆ ಹಾಳಾಗುವುದು ಈ ಲೆಕ್ಕ ತಪ್ಪಿದ್ದರಿಂದಲ್ಲ, ನೀರಿನ ಲೆಕ್ಕ ಹಾಕದೇ ಇದ್ದದ್ದರಿಂದ.

ನಾಲ್ಕು ಜನರ ಸಂಸಾರ ಉಸಿರು, ಸ್ನಾನ, ಅಡುಗೆ, ಬಟ್ಟೆ ಒಣಗಿಸುವುದು ಎಲ್ಲ ಸೇರಿ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಆವಿಯಾಗಿ ಮನೆಯೊಳಗೆ ಬಿಡುತ್ತದೆ. ನಮ್ಮ ಅಡುಗೆಯಲ್ಲಿ ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಇಡ್ಲಿ ಹಬೆಯಲ್ಲಿ ಬೇಯುತ್ತದೆ. ಚಳಿಗೆ ಕಿಟಕಿ ತೆರೆಯುವವರಿಲ್ಲ, ಒಗೆದ ಬಟ್ಟೆಯೆಲ್ಲ ರೇಡಿಯೇಟರ್ ಮೇಲೆ. 20 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಲ್ಲಾದರೂ ನೀರು ಕಟ್ಟುತ್ತದೆ. ಬೂಷ್ಟಿಗೆ ಅಷ್ಟೂ ಬೇಡ. ಮೇಲ್ಮೈಗೆ ಅಂಟಿದ ಗಾಳಿಯ ಆರ್ದ್ರತೆ ಶೇ. 80 ಮುಟ್ಟಿದರೆ ಸಾಕು, ಇದೇ ಕೋಣೆಯಲ್ಲಿ ಅದು 15.4 ಡಿಗ್ರಿಗೇ ಆಗಿಬಿಡುತ್ತದೆ. ಯು-ಮೌಲ್ಯ 2 ಇರುವ ಗೋಡೆಯ ಒಳಮೈ ಸೊನ್ನೆ ಡಿಗ್ರಿ ರಾತ್ರಿಯಲ್ಲಿ 14.8ಕ್ಕೆ ಬಂದಿರುತ್ತದೆ. ಮೂಲೆಗಳಲ್ಲಿ, ಬೀರುವಿನ ಹಿಂದೆ ಇನ್ನೂ ಕಡಿಮೆ. ಉತ್ತರದ ಮಲಗುವ ಕೋಣೆಯ ಮೂಲೆಯಲ್ಲೇ ಕಪ್ಪು ಚುಕ್ಕೆ ಏಕೆ ಏಳುತ್ತದೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಬ್ಲೀಚ್ ಹಾಕಿ ಒರೆಸಿದರೆ ಚುಕ್ಕೆ ಹೋಗುತ್ತದೆ, 14.8 ಹೋಗುವುದಿಲ್ಲ.

ಆದ್ದರಿಂದ ಕೆಲಸದ ಅನುಕ್ರಮ ಹೀಗೆ: ಮೊದಲು ಹೊರಗಿನ ನೀರು ನಿಲ್ಲಿಸಿ, ಆಮೇಲೆ ಒಳಗಿನ ಆವಿಗೆ ದಾರಿ ಮಾಡಿ, ಆಮೇಲೆ ಸಂದಿ ಮುಚ್ಚಿ, ಆಮೇಲೆ ಅಟ್ಟ, ಕೊನೆಗೆ ಗೋಡೆ.

ಹೊರಗಿನ ನೀರು ಅಂದರೆ ಕಟ್ಟಿಕೊಂಡ ಗಟರ್, ಒಡೆದ ಹೆಂಚು, ಉದುರಿದ ಗಾರೆ. ಒದ್ದೆ ಇಟ್ಟಿಗೆ ಒಣ ಇಟ್ಟಿಗೆಗಿಂತ ಹೆಚ್ಚು ಶಾಖ ಬಿಡುತ್ತದೆ, ಒದ್ದೆ ಕಂಬಳಿ ಹೊದ್ದರೆ ಚಳಿ ಹೋಗದ ಹಾಗೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಿಸಬೇಡಿ. ಸಂದಿನ ಮೂಲಕ ಆರಬೇಕಾದ ನೀರು ಇಟ್ಟಿಗೆಯ ಮೂಲಕವೇ ಆರಬೇಕಾಗುತ್ತದೆ, ಆ ನೀರು ಹೆಪ್ಪುಗಟ್ಟಿದಾಗ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಒಳಗಿನ ಆವಿಗೆ ಬಚ್ಚಲುಮನೆಯಲ್ಲಿ ಸೆಕೆಂಡಿಗೆ 15 ಲೀಟರ್, ಒಲೆಯ ಮೇಲಿನ ಹುಡ್‌ನಲ್ಲಿ 30 ಲೀಟರ್ ಗಾಳಿ ಎಳೆಯುವ ಫ್ಯಾನ್ ಬೇಕು. ಹುಡ್‌ನ ಕೊಳವೆ ಗೋಡೆಯಾಚೆ ತೆರೆಯಬೇಕು. ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಮತ್ತೆ ಅಡುಗೆಮನೆಗೇ ಊದುವ ಹುಡ್ ಒಗ್ಗರಣೆಯ ಘಾಟನ್ನು ಸ್ವಲ್ಪ ತಗ್ಗಿಸಬಹುದು, ಒಂದು ಹನಿ ನೀರನ್ನೂ ಹೊರಹಾಕುವುದಿಲ್ಲ.

ಇನ್ನು ಅಟ್ಟ. ಇದು ನೀವೇ ಮಾಡಬಹುದಾದ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹತ್ತುವ ಮೊದಲು ಎಫ್‌ಎಫ್‌ಪಿ3 ಮಾಸ್ಕ್ (ನವಿರಾದ ಧೂಳನ್ನೂ ತಡೆಯುವಂಥದ್ದು), ಕನ್ನಡಕ, ಕೈಗವಸು, ತುಂಬುತೋಳಿನ ಬಟ್ಟೆ. ಕಾಲಿಡುವುದು ಜಂತೆಯ ಮೇಲೆ ಅಥವಾ ಜಂತೆಗಳಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಮಾತ್ರ. ನಡುವೆ ಇಟ್ಟರೆ ಕಾಲು ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಕಾಣಿಸುತ್ತದೆ. ಜಂತೆಗಳ ನಡುವೆ ಏನೆಂದು ಗೊತ್ತಾಗದ ಸಡಿಲ ಪುಡಿಯೋ ನಾರೋ ಇದ್ದರೆ ಮುಟ್ಟಬೇಡಿ. ಬ್ರಿಟನ್ನಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷೇಧವಾದದ್ದು 1999ರಲ್ಲಿ, ಅದಕ್ಕೂ ಹಿಂದಿನ ಮನೆಯಲ್ಲಿ ಅದು ಎಲ್ಲಿ ಬೇಕಾದರೂ ಇರಬಹುದು. ಮಾದರಿ ಪರೀಕ್ಷೆ ಮಾಡಿಸಿ. ಬಾವಲಿಗಳಿದ್ದರೂ ಅಷ್ಟೇ, ಅವುಗಳ ನೆಲೆಗೆ ಕೈಹಾಕುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ.

ಹಾಸುವ ಮೊದಲು ತೂತು ಮುಚ್ಚಿ. ವೈರ್ ಇಳಿದ ಜಾಗ, ಪೈಪು ಹತ್ತಿದ ಜಾಗ, ಒಳಗೋಡೆಗಳ ತಲೆ, ಇವೆಲ್ಲ ಕೆಳಗಿನ ಬೆಚ್ಚನೆಯ ತೇವದ ಗಾಳಿಗೆ ಚಿಮಣಿಗಳೇ. ಆ ಗಾಳಿ ತಣ್ಣನೆಯ ಅಟ್ಟಕ್ಕೆ ಬಂದು ಹೆಂಚಿನ ಕೆಳಗೆ ಹಾಸಿದ ಹಾಳೆಗೆ (ಫೆಲ್ಟ್), ಮೊಳೆಯ ತುದಿಗಳಿಗೆ ಹನಿಯಾಗಿ ಅಂಟುತ್ತದೆ. ಇನ್ಸುಲೇಷನ್ ದಪ್ಪವಾದಷ್ಟೂ ಅಟ್ಟ ಇನ್ನಷ್ಟು ತಣ್ಣಗಾಗುತ್ತದೆ, ಹನಿ ಇನ್ನಷ್ಟು. ಎಲ್ಲಕ್ಕಿಂತ ದೊಡ್ಡ ತೂತು ಹತ್ತುವ ಬಾಗಿಲೇ. ಅದರ ಸುತ್ತ ಒತ್ತಿದರೆ ಕುಗ್ಗುವ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲು ಬಿಗಿಯಾಗಿ ಕೂರಲು ಚಿಲಕ ಹಾಕಿ, ಮೇಲ್ಬದಿಗೆ ಗಟ್ಟಿ ಫೋಮ್ ಹಲಗೆ ಕಟ್ಟಿ. 270 ಮಿ.ಮೀ. ಹಾಸಿ ಬಾಗಿಲನ್ನು ಬರೀ ಪ್ಲೈವುಡ್ ತುಂಡಾಗಿ ಬಿಟ್ಟಿರುವ ಮನೆಗಳೇ ಹೆಚ್ಚು.

ವೈರ್‌ಗಳನ್ನು ಇನ್ಸುಲೇಷನ್ನಿನ ಮೇಲೆ ಎತ್ತಿಕೊಳ್ಳಿ. 2.5 ಚದರ ಮಿ.ಮೀ. ಟ್ವಿನ್ ಕೇಬಲ್ ಗೋಡೆಗೆ ಕ್ಲಿಪ್ ಮಾಡಿದ್ದರೆ 27 ಆಂಪಿಯರ್ ಹೊರುತ್ತದೆ, ಸುತ್ತಲೂ ಇನ್ಸುಲೇಷನ್ ಮುಚ್ಚಿಬಿಟ್ಟರೆ 13.5 ಮಾತ್ರ. ಎಲೆಕ್ಟ್ರಿಕ್ ಷವರ್‌ನ ದಪ್ಪ ಕೇಬಲ್ ಅಟ್ಟದಲ್ಲಿ ಹಾದುಹೋಗಿದ್ದರೆ ಅದನ್ನು ಖಂಡಿತ ಹೂಳಬೇಡಿ, ಎತ್ತಲಾಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಪಿವಿಸಿ ವೈರ್‌ಗೆ ಥರ್ಮಾಕೋಲ್ ತಾಗಿಸಿ ಇಡುವುದೂ ತಪ್ಪು. ಪ್ಲಾಸ್ಟಿಕ್ಕನ್ನು ಮೃದುವಾಗಿಡುವ ಅಂಶ ಥರ್ಮಾಕೋಲ್‌ಗೆ ಇಳಿದು ವೈರ್‌ನ ಹೊದಿಕೆ ಪೆಡಸಾಗಿ ಬಿರುಕು ಬಿಡುತ್ತದೆ. ಸೀಲಿಂಗ್‌ನಲ್ಲಿ ಹುದುಗಿಸಿದ ದೀಪಗಳಿದ್ದರೆ ಅವುಗಳ ಮೇಲೆ ಬೆಂಕಿ ತಡೆಯುವ ಟೋಪಿ ಕೂರಿಸಿ ಆಮೇಲೆ ಹಾಸಿ.

ಮೊದಲ ಪದರ 100 ಮಿ.ಮೀ., ಜಂತೆಗಳ ನಡುವೆ. ಜಂತೆಗಳ ಅಂತರ 400 ಅಥವಾ 600 ಮಿ.ಮೀ. ಇರುತ್ತದೆ, ಅಳೆದು ಅದಕ್ಕೆ ತಕ್ಕ ಉರುಳೆ ತನ್ನಿ. ಎರಡನೆಯ ಪದರ 170 ಮಿ.ಮೀ., ಜಂತೆಗಳಿಗೆ ಅಡ್ಡಲಾಗಿ, ಮರದ ತಲೆಯೂ ಮುಚ್ಚುವಂತೆ. ತುರುಕಬೇಡಿ, ಒತ್ತಬೇಡಿ. ಮೇಲೆ ಸಾಮಾನು ಇಡಬೇಕೆಂದು 270 ಮಿ.ಮೀ. ವೂಲ್‌ನ ಮೇಲೆ ಹಲಗೆ ಹೊಡೆದು 100ಕ್ಕೆ ಅಮುಕಿದರೆ ಕೊಂಡದ್ದರಲ್ಲಿ ಹೆಚ್ಚಿನ ಪಾಲು ವ್ಯರ್ಥ. ಜಂತೆಗೆ ಸ್ಕ್ರೂ ಮಾಡುವ ಪ್ಲಾಸ್ಟಿಕ್ ಕಾಲುಗಳು ಸಿಗುತ್ತವೆ, ಅವುಗಳ ಮೇಲೆ ಹಲಗೆ ಕೂರಿಸಿ, ವೂಲ್ ಮತ್ತು ಹಲಗೆಯ ನಡುವೆ ಸ್ವಲ್ಪ ಗಾಳಿ ಬಿಡಿ.

ಸೂರಿನ ಹತ್ತಿರವೇ ಎಲ್ಲರೂ ಎಡವುವುದು. ಅಂಚಿನವರೆಗೆ ವೂಲ್ ತಳ್ಳಿದರೆ ಸೂರಿನಿಂದ ಬರುವ ಗಾಳಿ ನಿಂತು ಪಕಾಸುಗಳು (ಹೆಂಚು ಹೊತ್ತ ಇಳಿಜಾರು ಮರಗಳು) ಕೊಳೆಯುತ್ತವೆ. ಹೆದರಿ ಒಂದಡಿ ಹಿಂದೆಯೇ ನಿಲ್ಲಿಸಿದರೆ ಸೀಲಿಂಗ್‌ನ ಅಂಚು ತಣ್ಣಗುಳಿದು ಮಲಗುವ ಕೋಣೆಯ ಮೇಲ್ತುದಿಯಲ್ಲಿ ಬೂಷ್ಟಿನ ಪಟ್ಟಿ ಮೂಡುತ್ತದೆ. ವೂಲ್ ಗೋಡೆಯ ತಲೆಯನ್ನು ಮುಚ್ಚಬೇಕು, ಅದರ ಮೇಲೆ ಫೆಲ್ಟ್‌ವರೆಗೆ 50 ಮಿ.ಮೀ. ಜಾಗ ಖಾಲಿ ಇರಬೇಕು. ಪಕಾಸುಗಳ ನಡುವೆ ಕೂರಿಸುವ ಪ್ಲಾಸ್ಟಿಕ್ ತಟ್ಟೆಗಳು ಈ ಜಾಗವನ್ನು ಕಾಯ್ದುಕೊಡುತ್ತವೆ.

ಅಟ್ಟದಲ್ಲಿ ತಣ್ಣೀರಿನ ತೊಟ್ಟಿ ಇದ್ದರೆ ಪಕ್ಕ ಮತ್ತು ಮುಚ್ಚಳ ಸುತ್ತಿ, ನೆಲಕ್ಕೆ ತಾಗಿ ಕೂತ ತೊಟ್ಟಿಯಾದರೆ ಅಡಿಗೆ ಹಾಸಬೇಡಿ. ಕೆಳಗಿನ ಕೋಣೆಯಿಂದ ಏರುವ ಅಷ್ಟಿಷ್ಟು ಶಾಖವೇ ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ಪೈಪುಗಳಿಗೆ ಫೋಮ್ ಕೊಳವೆ ತೊಡಿಸಿ, ತಿರುವುಗಳನ್ನೂ ಬಿಡದೆ. ಪೈಪು ಒಡೆಯುವುದು ಹೆಚ್ಚಾಗಿ ಬಿಟ್ಟ ತಿರುವಿನಲ್ಲೇ.

ಗೋಡೆಗೆ ಬರೋಣ. ಗೋಡೆ ಗಟ್ಟಿಯೋ ಟೊಳ್ಳೋ ಎಂದು ಹೊರಗೆ ನಿಂತೇ ಊಹಿಸಬಹುದು. ಇಟ್ಟಿಗೆಯ ಉದ್ದಮುಖಗಳೇ ಕಾಣುತ್ತಿದ್ದರೆ ಸಾಮಾನ್ಯವಾಗಿ ಎರಡು ಪದರದ ಟೊಳ್ಳು ಗೋಡೆ. ಉದ್ದಮುಖ, ಗಿಡ್ಡಮುಖ ಒಂದರ ಪಕ್ಕ ಒಂದು ಬಂದರೆ ಗಟ್ಟಿ ಗೋಡೆ. ಕಿಟಕಿಯಲ್ಲಿ ದಪ್ಪ ಅಳೆಯಿರಿ: 230 ಮಿ.ಮೀ. ಆಸುಪಾಸು ಗಟ್ಟಿ, 260 ದಾಟಿದರೆ ಟೊಳ್ಳು. 1920ರ ದಶಕದ ನಂತರದ ಮನೆಗಳಲ್ಲಿ ಟೊಳ್ಳು ಗೋಡೆಯೇ ರೂಢಿಯಾಯಿತು.

ಟೊಳ್ಳು ಗೋಡೆ ತುಂಬಿಸುವುದು ನುರಿತವರ ಕೆಲಸ. ಹೊರಗಿನ ಗಾರೆಯ ಸಂದುಗಳಲ್ಲಿ ಸುಮಾರು 22 ಮಿ.ಮೀ. ತೂತು ಕೊರೆದು ಮಿನರಲ್ ವೂಲ್ ನಾರನ್ನೋ ಅಂಟು ಬೆರೆಸಿದ ಥರ್ಮಾಕೋಲ್ ಮಣಿಗಳನ್ನೋ ಊದುತ್ತಾರೆ, ಒಂದು ದಿನದಲ್ಲಿ ಮುಗಿಯುತ್ತದೆ. ಯು-ಮೌಲ್ಯ 1.5ರಿಂದ 0.5ರ ಹತ್ತಿರಕ್ಕೆ ಬರುತ್ತದೆ. ಗೋಡೆಯ ಕೆಲಸಗಳಲ್ಲಿ ಖರ್ಚಿಗೆ ತಕ್ಕ ಫಲ ಇದಕ್ಕಿಂತ ಹೆಚ್ಚು ಯಾವುದರಲ್ಲೂ ಇಲ್ಲ, ಗೋಡೆ ಯೋಗ್ಯವಾಗಿದ್ದರೆ. ಯೋಗ್ಯವೋ ಅಲ್ಲವೋ ತಿಳಿಯಲು ತೂತಿನಲ್ಲಿ ಕ್ಯಾಮೆರಾ ಇಳಿಸಿ ನೋಡಬೇಕು. ಟೊಳ್ಳು 50 ಮಿ.ಮೀ.ಗಿಂತ ಕಿರಿದಾಗಿದ್ದರೆ, ಕಟ್ಟುವಾಗ ಬಿದ್ದ ಗಾರೆ ಒಳಗೆ ಗುಪ್ಪೆ ಬಿದ್ದಿದ್ದರೆ, ಎರಡು ಪದರ ಹಿಡಿದಿರುವ ಲೋಹದ ಪಟ್ಟಿಗಳು ತುಕ್ಕು ಹಿಡಿದಿದ್ದರೆ ತುಂಬಿಸಬಾರದು. ಪಶ್ಚಿಮ ಕರಾವಳಿಯಂತೆ ಮಳೆ ಗೋಡೆಗೆ ಅಡ್ಡ ಹೊಡೆಯುವ ಕಡೆಯೂ ಎಚ್ಚರ ಬೇಕು. ಟೊಳ್ಳು ಇರುವುದೇ ಹೊರಪದರ ದಾಟಿ ಬಂದ ನೀರು ಕೆಳಗಿಳಿದು ಹೋಗಲೆಂದು. ಅಲ್ಲಿ ಅರೆಬರೆ ತುಂಬಿದ ನಾರು ನೀರನ್ನು ಒಳಪದರಕ್ಕೆ ದಾಟಿಸುತ್ತದೆ, ಒಳಗೋಡೆಯಲ್ಲಿ ತೇವದ ಮಚ್ಚೆ ಬೀಳುತ್ತದೆ, ತುಂಬಿಸಿದ್ದನ್ನು ಹೊರತೆಗೆಯುವ ಖರ್ಚು ತುಂಬಿಸಿದ್ದಕ್ಕಿಂತ ಹೆಚ್ಚಾಗುತ್ತದೆ.

ನಮ್ಮ ಸಾಲುಮನೆಯದು ಗಟ್ಟಿ ಗೋಡೆ. ಅದಕ್ಕೆ ಒಳಗಿನಿಂದ 60 ಮಿ.ಮೀ. ಮರದ ನಾರಿನ ಹಲಗೆ ಹಾಕಿದರೆ ಯು-ಮೌಲ್ಯ 2ರಿಂದ 0.5ಕ್ಕೆ ಇಳಿಯುತ್ತದೆ. ಡಿಗ್ರಿಗೆ 67 ವಾಟ್ ಉಳಿತಾಯ, ಒಳಮೈ 14.8ರಿಂದ 18.7ಕ್ಕೆ ಏರಿ ಗೋಡೆಯ ಮೇಲೆ ಬೂಷ್ಟಿಗೆ ಎಡೆಯೇ ಇಲ್ಲ. ಆದರೆ ಹಲಗೆಯ ಹಿಂದೆ ಏನಾಯಿತು ನೋಡಿ. ಮೊದಲು 14.8 ಡಿಗ್ರಿ ಇದ್ದ ಅದೇ ಇಟ್ಟಿಗೆಯ ಮೈ ಈಗ 3.7 ಡಿಗ್ರಿ. ಮಹಡಿಯ ಜಂತೆಗಳ ತುದಿ ಕೂತಿರುವುದು ಆ ಇಟ್ಟಿಗೆಯೊಳಗೇ. ನೂರು ವರ್ಷ ಒಣಗಿದ್ದ ಮರ ಈಗ ಚಳಿಯಲ್ಲಿ, ತೇವದಲ್ಲಿ.

ಇಲ್ಲಿ ದೊಡ್ಡ ತಪ್ಪು ನಡೆಯುವುದು ಹಿಂಬದಿಗೆ ಫೋಮ್ ಅಂಟಿಸಿದ ಜಿಪ್ಸಂ ಹಲಗೆಯನ್ನು ಅಂಟಿನ ಉಂಡೆಗಳ ಮೇಲೆ ಒತ್ತಿ ಕೂರಿಸಿದಾಗ. ಉಂಡೆಗಳ ನಡುವೆ ಗಾಳಿ ಓಡಾಡುವ ಜಾಗ ಉಳಿಯುತ್ತದೆ. ಸ್ವಿಚ್ಚಿನ ತೂತಿನಿಂದ, ಗೋಡೆಯ ಬುಡದ ಪಟ್ಟಿಯ (ಸ್ಕರ್ಟಿಂಗ್) ಸಂದಿಯಿಂದ ಕೋಣೆಯ ಆವಿ ಅಲ್ಲಿಗೆ ನುಗ್ಗಿ 3.7 ಡಿಗ್ರಿಯ ಇಟ್ಟಿಗೆಯ ಮೇಲೆ ನೀರಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎರಡು ಚಳಿಗಾಲ ಕಳೆದ ಮೇಲೆ ಮುಗ್ಗು ವಾಸನೆ ಬರುತ್ತದೆ. ಸರಿಯಾದ ಕ್ರಮವೆಂದರೆ ಹಳೆಯ ಪೇಂಟು, ವಾಲ್‌ಪೇಪರ್, ಜಿಪ್ಸಂ ತೆಗೆದು ಸುಣ್ಣದ ಗಾರೆಯಿಂದ ಗೋಡೆ ಸಮ ಮಾಡಿ, ನಾರಿನ ಹಲಗೆಯನ್ನು ಒಂದು ಕೂದಲೆಳೆಯೂ ಸಂದಿ ಇಲ್ಲದಂತೆ ಒತ್ತಿ ಕೂರಿಸಿ, ಮೇಲೆ ಜಾಲರಿ ಸೇರಿಸಿ ಎರಡು ಕೈ ಸುಣ್ಣದ ಗಿಲಾವು. ಈ ಗೋಡೆ ಎರಡೂ ಕಡೆ ಆರಬಲ್ಲದು. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದು ಅದನ್ನೂ ಕೆಡಿಸಬೇಡಿ.

ಬೇಸರದ ಕೆಲಸಗಳು ಮೂರಿವೆ, ಕೊಟೇಶನ್‌ನಲ್ಲಿ ಅವು ಇವೆಯೇ ನೋಡಿ. ಕಿಟಕಿಯ ಪಕ್ಕೆಗಳಿಗೆ ಕನಿಷ್ಠ 20 ಮಿ.ಮೀ. ಇನ್ಸುಲೇಷನ್, ಇಲ್ಲದಿದ್ದರೆ ಬೂಷ್ಟು ಅಲ್ಲಿಗೆ ಹೋಗಿ ಕೂರುತ್ತದೆ. ಹೊರಗೋಡೆಗೆ ಬಂದು ಸೇರುವ ಅಡ್ಡಗೋಡೆಗಳ ಮೇಲೆ 400 ಮಿ.ಮೀ. ದೂರ ತೆಳು ಹಲಗೆ. ಮಹಡಿಯ ನೆಲಹಲಗೆ ಎಬ್ಬಿಸಿ ಜಂತೆಗಳ ನಡುವೆಯೂ ಅದೇ ಇನ್ಸುಲೇಷನ್, ಜಂತೆಯ ಸುತ್ತ ಗಾಳಿಬಿಗಿ ಟೇಪು.

ದಪ್ಪ ಇನ್ನೂ ಹೆಚ್ಚಿಸಿ 0.3 ಮುಟ್ಟಿಸಬಾರದೇ? ನಿಯಮಾವಳಿ ಕೇಳುವುದೂ 0.30. ಆದರೆ 0.5ರಿಂದ 0.3ಕ್ಕೆ ಹೋದರೆ ಈ ಮನೆಯಲ್ಲಿ ಉಳಿಯುವುದು ಡಿಗ್ರಿಗೆ 9 ವಾಟ್, ಇಟ್ಟಿಗೆ ಮತ್ತಷ್ಟು ತಣ್ಣಗಾಗುತ್ತದೆ. ಆವಿ ಹಾದುಹೋಗುವ ಹಳೆಯ ಗೋಡೆಗಳಿಗೆ ತೇವದ ಅಪಾಯ ತೋರಿಸಿ ಕಡಿಮೆ ಮಟ್ಟಕ್ಕೆ ಒಪ್ಪಿಗೆ ಪಡೆಯಲು ನಿಯಮದಲ್ಲೇ ಅವಕಾಶವಿದೆ. ಕೆಲಸಕ್ಕೆ ಮೊದಲೇ ಕಟ್ಟಡ ನಿಯಮಗಳ ಪಾಲನೆ ನೋಡುವ ಬಿಲ್ಡಿಂಗ್ ಕಂಟ್ರೋಲ್‌ನವರನ್ನು ಕೇಳಿ.

ಹೊರಗಿನಿಂದ ಹೊದಿಸುವುದು ತತ್ತ್ವದಲ್ಲಿ ಇದಕ್ಕಿಂತ ಮೇಲು. ಇಟ್ಟಿಗೆಯೂ ಜಂತೆಯೂ ಬೆಚ್ಚಗೆ ಒಳಗಿರುತ್ತವೆ. ಆಚರಣೆಯಲ್ಲಿ ಏನಾಯಿತೆಂದು 2025ರ ಅಕ್ಟೋಬರ್‌ನಲ್ಲಿ ಇಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿತು: ಎರಡು ಸರ್ಕಾರಿ ಯೋಜನೆಗಳಡಿ ಹೊರಗೋಡೆಗೆ ಇನ್ಸುಲೇಷನ್ ಮಾಡಿದ ಮನೆಗಳಲ್ಲಿ ಶೇ. 98ಕ್ಕೆ ದುರಸ್ತಿ ಬೇಕಾಗುವಂಥ ದೊಡ್ಡ ದೋಷ, ಒಳಗಿನಿಂದ ಮಾಡಿದವುಗಳಲ್ಲಿ ಶೇ. 29. ಹೊರಗಿನ ಕೆಲಸ ಕೆಡುವುದು ಅಂಚುಗಳಲ್ಲಿ. ಗೋಡೆ 100 ಮಿ.ಮೀ. ದಪ್ಪವಾದಾಗ ಕಿಟಕಿಯ ಕೆಳಗಿನ ಹೊರಚಾಚು ಗಿಡ್ಡವಾಗುತ್ತದೆ, ಸೂರು ಗಿಡ್ಡವಾಗುತ್ತದೆ, ಗಟರ್ ಸ್ಥಳ ಬದಲಿಸಬೇಕಾಗುತ್ತದೆ. ಅದನ್ನು ಮಾಡದೆ ಸಿಲಿಕೋನ್ ಎಳೆದು ಮುಗಿಸಿದರೆ ಹಲಗೆಯ ಹಿಂದೆ ನೀರಿಳಿಯುತ್ತದೆ. ಬಿಟ್ಟಿ ಕೆಲಸವೆಂದು ಸಹಿ ಹಾಕುವ ಮುನ್ನ ಈ ಮೂರು ಅಂಚುಗಳ ಚಿತ್ರವನ್ನು ಕಾಗದದ ಮೇಲೆ ಕೇಳಿ. ಬರೆದು ತೋರಿಸಲಾರದವರು ಮಾಡಿಯೂ ತೋರಿಸಲಾರರು.

ನೆಲದ ಬಗ್ಗೆ ಎರಡೇ ಮಾತು. ಮರದ ನೆಲದ ಕೆಳಗೆ ಗಾಳಿಯಾಡಲು ಹೊರಗೋಡೆಯಲ್ಲಿ ತೂತಿಟ್ಟಿಗೆಗಳಿರುತ್ತವೆ. ಚಳಿಗಾಳಿ ಬರುತ್ತದೆಂದು ಅವನ್ನು ಮುಚ್ಚಿದರೆ ಜಂತೆ ಕೊಳೆಯುತ್ತದೆ. ಜಂತೆಗಳ ನಡುವೆ ಬಲೆ ಇಳಿಬಿಟ್ಟು ವೂಲ್ ತುಂಬಿ, ಮೇಲೆ ಗಾಳಿಬಿಗಿ ಹಾಳೆ ಹಾಸಿ ಹಲಗೆ ಹೊಡೆಯಿರಿ.

ಇನ್ನು ಪ್ರಶ್ನೆಗಳು.

ಸ್ಪ್ರೇ ಫೋಮ್ ಬಗ್ಗೆ ಒಬ್ಬರು ಕೇಳಿದರು, ಹೆಂಚಿನ ಕೆಳಗೆ ಊದಿಸಿದರೆ ಅಟ್ಟವೇ ಬೆಚ್ಚಗಾಗುತ್ತದಲ್ಲವೇ ಎಂದು. ಆಗುತ್ತದೆ. ಆದರೆ ಪಕಾಸು ಕಾಣದಂತೆ ಫೋಮ್ ಮುಚ್ಚಿದರೆ ಮರ ಕೊಳೆಯುತ್ತಿದೆಯೋ ಇಲ್ಲವೋ ಯಾರೂ ನೋಡಲಾರರು. ಆ ಕಾರಣಕ್ಕೇ ಇಲ್ಲಿ ಎಷ್ಟೋ ಬ್ಯಾಂಕುಗಳು ಅಂಥ ಮನೆಗೆ ಸಾಲ ಕೊಡಲು ಹಿಂದೇಟು ಹಾಕುತ್ತವೆ. ಮಾರುವಾಗ ಕೆತ್ತಿ ತೆಗೆಸಬೇಕಾಗಿ ಬಂದರೆ ಹಾಕಿಸಿದ್ದಕ್ಕಿಂತ ಖರ್ಚು ಹೆಚ್ಚು. ಬೇಡ.

ಬಾಡಿಗೆ ಮನೆಯವರು ಏನು ಮಾಡಬೇಕು? ಒಂದು ಆರ್ದ್ರತೆ ಮಾಪಕ ಕೊಳ್ಳಿ. ಶೇ. 60ರ ಮೇಲೆ ನಿಂತೇ ಇದ್ದರೆ ಫ್ಯಾನ್ ಬಳಕೆ ಹೆಚ್ಚಿಸಿ, ಬಟ್ಟೆಯನ್ನು ಬಚ್ಚಲುಮನೆಯಲ್ಲಿ ಬಾಗಿಲು ಮುಚ್ಚಿ ಫ್ಯಾನ್ ಹಾಕಿ ಒಣಗಿಸಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಬೂಷ್ಟು ಮತ್ತೆ ಬಂದರೆ ತಾರೀಕು ಸಹಿತ ಫೋಟೊ ತೆಗೆದು ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಕಲಬುರಗಿಯ ಮನೆಯ ತಾರಸಿಗೂ ಗ್ಲಾಸ್ ವೂಲ್ ಹಾಸಬಹುದೇ ಎಂಬುದು ಕೊನೆಯ ಪ್ರಶ್ನೆ. ಅಲ್ಲಿ ಶಾಖ ಬರುವುದು ಮೇಲಿನಿಂದ, ಮಳೆಯೂ ಮೇಲಿನಿಂದ. ವೂಲ್ ನೀರು ಕುಡಿಯುತ್ತದೆ, ತುಳಿದರೆ ಕುಗ್ಗುತ್ತದೆ. 150 ಮಿ.ಮೀ. ಆರ್‌ಸಿಸಿ ತಾರಸಿಯ ಯು-ಮೌಲ್ಯ 3ರ ಮೇಲಿದೆ, ಭಾರತದ 2018ರ ಇಕೋ ನಿವಾಸ್ ಸಂಹಿತೆ ವಸತಿ ಕಟ್ಟಡದ ಚಾವಣಿಗೆ ಹೇಳುವ ಮಿತಿ 1.2. ತಾರಸಿಯ ಮೇಲ್ಬದಿಗೆ ವಾಟರ್‌ಪ್ರೂಫಿಂಗ್ ಮಾಡಿ, ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ನೀರು ಹೀರದ ಗಟ್ಟಿ ಫೋಮ್) ಹಲಗೆಯನ್ನು ಸಂದುಗಳಿಗೆ ಟೇಪು ಹಾಕಿ ಹಾಸಿದರೆ 0.5ರ ಆಸುಪಾಸಿಗೆ ಬರುತ್ತದೆ. ಮೇಲೆ ಜಾಲರಿ ಸೇರಿಸಿದ ತೆಳು ಕಾಂಕ್ರೀಟ್ ಪದರ (ಸ್ಕ್ರೀಡ್), ಬಿಳಿಯ ಟೈಲ್ಸ್. ಇಳಿಜಾರು ನೂರಕ್ಕೆ ಒಂದು ಇರಲಿ. ಅಂಚಿನ ಮೋಟುಗೋಡೆಗೆ ಮುಟ್ಟುವಲ್ಲಿ ವಾಟರ್‌ಪ್ರೂಫಿಂಗ್ ಟೈಲ್ಸ್‌ನ ಮಟ್ಟದಿಂದ ಒಂದು ಗೇಣು ಮೇಲಕ್ಕೆ ಏರಬೇಕು.